ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಕ್ರೋವೇವ್‌ನಲ್ಲಿ ದೂರದ ಮಾತು

ಹ್ಯಾಮ್ ರೇಡಿಯೊದ (ಪರವಾನಗಿ ಪಡೆದು ಹವ್ಯಾಸಕ್ಕಾಗಿ ನಡೆಸುವ ರೇಡಿಯೊ) ಮೈಕ್ರೋವೇವ್ ಬ್ಯಾಂಡ್‌ಗಳ (ಸುಮಾರು 1000 ಮೆಗಾಹರ್ಟ್ಸ್‌ಗೆ ಮೇಲಿನ ಫ್ರೀಕ್ವೆನ್ಸಿಗಳ) ಬಗ್ಗೆ, ಅದರಲ್ಲೂ ಹವಾಮಾನ ನೋಡಿಕೊಂಡು ದೂರದ ಸಂಪರ್ಕ ಸಾಧಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ. ನಮ್ಮ ದೇಶದ ಜನರಲ್ ದರ್ಜೆಯ ಪರವಾನಗಿ ಇರುವ ಹ್ಯಾಮ್‌ಗಳಿಗೆ 1260–1300 ಮೆಗಾಹರ್ಟ್ಸ್ ಮತ್ತು 5725–5840 ಮೆಗಾಹರ್ಟ್ಸ್ ಇರುವುದರಿಂದ ಪ್ರಸಾರದ ಲೆಕ್ಕಗಳನ್ನೆಲ್ಲ 5760 ಮೆಗಾಹರ್ಟ್ಸ್‌ಗೆ ಹಾಕಿದ್ದೇವೆ. 10 ಗಿಗಾಹರ್ಟ್ಸ್ ಮಾತು ಬಂದಲ್ಲಿ ಅದು ಬರೀ ಕೇಳುವುದಕ್ಕೆ, ಇಲ್ಲವೇ ಹೊರದೇಶದ ಪರವಾನಗಿ ಉಳ್ಳವರಿಗೆ. ನಿಮ್ಮ ಪರವಾನಗಿ ಪತ್ರದಲ್ಲಿ ಏನಿದೆಯೋ ಅದೇ ಅಂತಿಮ. ಬೆಟ್ಟ, ಕಡಲತೀರದಂಥ ಬೇರೆ ಜಾಗದಿಂದ ಪ್ರಸಾರ ಮಾಡುವ ಷರತ್ತನ್ನೂ ಅದರಲ್ಲೇ ಓದಿಕೊಂಡು ಹೊರಡಿ.

ಪ್ರಶ್ನೆ: ನಂದಿಬೆಟ್ಟದಿಂದ ಮುಳ್ಳಯ್ಯನಗಿರಿಗೆ 5760ರಲ್ಲಿ ಮಾತಾಡಬೇಕೆಂದಿದ್ದೇವೆ. ಎರಡೂ ಕಡೆ 200 ಮಿಲಿವ್ಯಾಟ್, 60 ಸೆಂಟಿಮೀಟರ್ ಡಿಷ್. ಪವರ್ ಸಾಲುತ್ತದೆಯೇ, ಆಂಪ್ಲಿಫಯರ್ ಕೊಳ್ಳಬೇಕೇ? (ತುಮಕೂರು)

ಉತ್ತರ: ಆಂಪ್ಲಿಫಯರ್ ಬೇಡ. ಎರಡು ಬೆಟ್ಟಗಳ ನಡುವೆ ಸುಮಾರು 212 ಕಿಲೋಮೀಟರ್. ಅಡ್ಡಿಯೇ ಇಲ್ಲವೆಂದುಕೊಂಡರೆ ಅಷ್ಟು ದೂರಕ್ಕೆ ಆಗುವ ನಷ್ಟ 154 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಪಟ್ಟು ಏರಿತು, ಇಳಿಯಿತು ಎಂಬುದರ ಅಳತೆ; 10 ಡಿಬಿ ಅಂದರೆ ಹತ್ತು ಪಟ್ಟು). ನಿಮ್ಮ 200 ಮಿಲಿವ್ಯಾಟ್ ಅಂದರೆ 23 ಡಿಬಿಎಂ (ಒಂದು ಮಿಲಿವ್ಯಾಟ್‌ಗಿಂತ 23 ಡಿಬಿ ಹೆಚ್ಚು). ಡಿಷ್‌ಗಳ ಗೇನ್, ಅಂದರೆ ಸಿಗ್ನಲ್ ಅನ್ನು ಒಂದೇ ದಿಕ್ಕಿಗೆ ಕೂಡಿಸಿ ಅವು ಕೊಡುವ ಹೆಚ್ಚಳ, ತಲಾ 28.6 ಡಿಬಿ. ಕೂಡಿ ಕಳೆದರೆ ಆ ಕಡೆಗೆ ತಲುಪುವುದು ಮೈನಸ್ 74 ಡಿಬಿಎಂ. ಒಳ್ಳೆಯ ರಿಸೀವರ್‌ನಲ್ಲಿ ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತಿಗೆ ಬಳಸುವ ಕಿರಿದಾದ ವಿಧಾನ) ಅಗಲಕ್ಕೆ ನಾಯ್ಸ್, ಅಂದರೆ ಹಿನ್ನೆಲೆಯ ಸದ್ದು, ಮೈನಸ್ 139 ಡಿಬಿಎಂ. ನಿಮ್ಮ ಕೈಯಲ್ಲಿ 65 ಡಿಬಿ ಉಳಿಯಿತು. ಸಲೀಸಾದ ಮಾತಿಗೆ 10 ಡಿಬಿ ಸಾಕು.

ಹಾಗಾದರೆ ತೊಡಕು ಎಲ್ಲಿ? ನೆಲದಲ್ಲಿ. ನಂದಿಯಿಂದ ನೇರ ಪಶ್ಚಿಮಕ್ಕೆ, 271 ಡಿಗ್ರಿಗೆ, ಗೆರೆ ಎಳೆದರೆ 51 ಕಿಲೋಮೀಟರ್‌ಗೆ ದೇವರಾಯನದುರ್ಗ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಸಿಗುತ್ತದೆ. ನಂದಿ 1478 ಮೀಟರ್, ಮುಳ್ಳಯ್ಯನಗಿರಿ 1930 ಮೀಟರ್. ಆ ಜಾಗದಲ್ಲಿ ನೇರ ಗೆರೆಯ ಎತ್ತರ 1587 ಮೀಟರ್. ಇದರಿಂದ, ಭೂಮಿ ಗುಂಡಗಿರುವುದರಿಂದ ನಡುವೆ ಏಳುವ ಉಬ್ಬನ್ನು ಕಳೆಯಬೇಕು. ಎರಡೂ ತುದಿಯಿಂದ ಇರುವ ದೂರಗಳನ್ನು ಕಿಲೋಮೀಟರ್‌ನಲ್ಲಿ ಗುಣಿಸಿ 17ರಿಂದ ಭಾಗಿಸಿದರೆ ಸಾಮಾನ್ಯ ಹವೆಯಲ್ಲಿನ ಉಬ್ಬು ಮೀಟರ್‌ನಲ್ಲಿ ಬರುತ್ತದೆ: 51 × 161 ÷ 17 = 483. ಉಳಿದದ್ದು 1104 ಮೀಟರ್. ದೇವರಾಯನದುರ್ಗದ ಎತ್ತರ 1204. ಶಿಖರ ಸರಿಯಾಗಿ ಗೆರೆಯ ಮೇಲೇ ಬಿದ್ದರೆ ಬೆಟ್ಟ 100 ಮೀಟರ್ ಅಡ್ಡ ಬಂತು.

ಹಾಗೆಂದು ಕೈಬಿಡಬೇಡಿ. ಬೆಟ್ಟದ ಏಣು ಚೂಪಾಗಿದ್ದರೆ ಅದರ ಮೇಲೆ ಬಾಗಿ ದಾಟುವ ಸಿಗ್ನಲ್‌ಗೆ ಇಲ್ಲಿ ಆಗುವ ನಷ್ಟ ಸುಮಾರು 23 ಡಿಬಿ. ತುದಿ ಗುಂಡಗೆ, ಮರಗಿಡ ತುಂಬಿಕೊಂಡಿದ್ದರೆ ಇನ್ನೂ 10 ಡಿಬಿ ಹೋಗಲಿ. 65ರಲ್ಲಿ 33 ಕಳೆದರೂ 32 ಉಳಿಯುತ್ತದೆ. ಮಟಮಟ ಮಧ್ಯಾಹ್ನವೂ ಸಂಪರ್ಕ ಆಗಬೇಕು.

ಈ ದಾರಿಯಲ್ಲಿ ಹವಾಮಾನದ ಪಾಲು ಎಷ್ಟೆಂಬುದನ್ನೂ ಲೆಕ್ಕದಲ್ಲೇ ಕಾಣಬಹುದು. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ರೇಡಿಯೊ ಕಿರಣ ನೆಲದ ಕಡೆಗೆ ತುಸು ಬಾಗುತ್ತದೆ. ಮೇಲೆ ಹೇಳಿದ 17 ಎಂಬ ಭಾಜಕದೊಳಗೆ ಸಾಮಾನ್ಯ ದಿನದ ಬಾಗು ಸೇರಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ನಿರಭ್ರ, ಗಾಳಿಯಿಲ್ಲದ ರಾತ್ರಿ ಕಳೆದು ಬೆಳಗಾಗುವಾಗ ನೆಲಕ್ಕಂಟಿದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುತ್ತದೆ. ಆಗ ಬಾಗು ಹೆಚ್ಚಿ ಭಾಜಕ 25.5ಕ್ಕೆ ಏರಿದರೆ ಉಬ್ಬು 322 ಮೀಟರ್‌ಗೆ ಇಳಿಯುತ್ತದೆ. ಕಿರಣ 1265 ಮೀಟರ್ ಎತ್ತರದಲ್ಲಿ, ಬೆಟ್ಟದ ತಲೆಯ ಮೇಲೆ 60 ಮೀಟರ್ ಬಿಟ್ಟು ಹಾಯುತ್ತದೆ. ಬೆಟ್ಟ ಅಲ್ಲೇ ಇದೆ, ಅಡ್ಡಿ ಮಾತ್ರ ಇಲ್ಲ. ಈ ದಾರಿಯಲ್ಲಿ ಕಿರಣ ತೀರ ಕೆಳಗಿಳಿಯುವುದು ಗುಬ್ಬಿಯ ಆಸುಪಾಸಿನಲ್ಲಿ. ಅಲ್ಲಿ ಬಯಲಿನಿಂದ ಇನ್ನೂರು ಮೀಟರ್‌ನಷ್ಟೇ ಮೇಲಿರುತ್ತದೆ. ಬೆಳಗಿನ ತಂಪು ಪದರ ಕೆಲಸ ಮಾಡುವುದೂ ಅಷ್ಟೇ ಎತ್ತರದಲ್ಲಿ. ಆದ್ದರಿಂದ 5.30ರಿಂದ 8ರೊಳಗೆ ಮುಗಿಸಿಕೊಳ್ಳಿ. ಬಯಲಲ್ಲಿ ಮಂಜು ಚಾಪೆಯಂತೆ ಮಲಗಿ ಬೆಟ್ಟದ ತುದಿಗಳು ಬಿಡಿಬಿಡಿಯಾಗಿ ಕಂಡರೆ ಅಂಥ ಬೆಳಿಗ್ಗೆ ಬಿಡಲೇಬಾರದು. ಬಿಸಿಲೇರಿ ಗಾಳಿ ಕದಡಿತೆಂದರೆ ಪದರ ಒಡೆಯಿತು.

ಎರಡು ಎಚ್ಚರಿಕೆ. ಗೂಗಲ್ ಅರ್ಥ್ ತೋರಿಸುವ ಎತ್ತರದ ನಕ್ಷೆಯಲ್ಲಿ ಭೂಮಿಯ ಉಬ್ಬು ಸೇರಿರುವುದಿಲ್ಲ. ಅದನ್ನು ನೀವೇ ಕಳೆಯಬೇಕು. ಎಷ್ಟೋ ಜನ ಇಲ್ಲೇ ಎಡವಿ ಸಿಗದ ದಾರಿಗೆ ಹೊರಡುತ್ತಾರೆ. ಇನ್ನೊಂದು, 5760 ಮೆಗಾಹರ್ಟ್ಸ್ ವೈಫೈನ 153ನೇ ಚಾನಲ್ ಒಳಗೇ ಬೀಳುತ್ತದೆ. ಬೆಟ್ಟದ ತುದಿಯ ಟವರ್‌ಗಳಲ್ಲಿ ಇಂಟರ್ನೆಟ್ ಲಿಂಕ್‌ಗಳಿದ್ದರೆ ನಾಯ್ಸ್ ಏರಿ ನಿಮ್ಮ ಉಳಿತಾಯದಲ್ಲಿ 10–20 ಡಿಬಿ ತಿಂದುಬಿಡುತ್ತದೆ. ಟವರ್‌ಗೆ ಬೆನ್ನು ಹಾಕುವ ಜಾಗ ಹುಡುಕಿ. ಹತ್ತಿಪ್ಪತ್ತು ಮೀಟರ್ ಸರಿದು ಬಂಡೆಯ ಮರೆಗೆ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ.

ಪ್ರಶ್ನೆ: ಬೇಸಿಗೆಯ ಸಂಜೆ ಕಡಲತೀರದಲ್ಲಿ ವಿಎಚ್‌ಎಫ್ (30–300 ಮೆಗಾಹರ್ಟ್ಸ್) ಸಿಗ್ನಲ್‌ಗಳು ವಿಚಿತ್ರ ದೂರದಿಂದ ಕೇಳುತ್ತವೆ. ಮೈಕ್ರೋವೇವ್‌ಗೂ ಹೀಗೆ ಆಗುತ್ತದೆಯೇ? ಕೊಡಚಾದ್ರಿಗೆ ಹೋಗುವುದು ಒಳ್ಳೆಯದೋ, ಮಲ್ಪೆಯ ದಡವೇ ಸಾಕೋ? (ಉಡುಪಿ)

ಉತ್ತರ: ಆಗುತ್ತದೆ, ಮೈಕ್ರೋವೇವ್‌ಗೆ ಇನ್ನೂ ಸುಲಭವಾಗಿ. ಗಾಳಿಯ ವಕ್ರೀಭವನ ಎತ್ತರದೊಂದಿಗೆ ತೀರ ಬೇಗ ಕಡಿಮೆಯಾದರೆ ಕಿರಣದ ಬಾಗು ಭೂಮಿಯ ಬಾಗನ್ನೂ ಮೀರುತ್ತದೆ. ಸಿಗ್ನಲ್ ಪದರದೊಳಗೆ ಸಿಕ್ಕಿಕೊಂಡು ದಿಗಂತ ದಾಟಿ ಸಾಗುತ್ತದೆ. ಇದೇ ಡಕ್ಟ್. ಲೆಕ್ಕದಲ್ಲಿ ಇದರ ಗಡಿ ಕಿಲೋಮೀಟರಿಗೆ ಮೈನಸ್ 157 ಎನ್ ಏಕಮಾನ (ಎನ್ ಎಂದರೆ ಗಾಳಿಯ ವಕ್ರೀಭವನದ ಅಳತೆ). ಸಾಮಾನ್ಯ ದಿನ ಇದು ಮೈನಸ್ 40ರ ಆಸುಪಾಸು. ಎನ್ ಕಂಡುಹಿಡಿಯುವ ಸೂತ್ರ ಇಷ್ಟೇ: (77.6 ÷ ಟಿ) × (ಪಿ + 4810 × ಇ ÷ ಟಿ). ಟಿ ಎಂದರೆ ಕೆಲ್ವಿನ್‌ನಲ್ಲಿ ಉಷ್ಣತೆ, ಪಿ ಹೆಕ್ಟೊಪ್ಯಾಸ್ಕಲ್‌ನಲ್ಲಿ ಗಾಳಿಯ ಒತ್ತಡ, ಇ ನೀರಾವಿಯ ಒತ್ತಡ.

ಉದಾಹರಣೆಗೆ ಕಡಲಮಟ್ಟದಲ್ಲಿ 27 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ನೀರಾವಿ ಹನಿಗಟ್ಟುವ ಉಷ್ಣತೆ) 22 ಡಿಗ್ರಿ, ಒತ್ತಡ 1010 ಎಂದುಕೊಳ್ಳಿ. 22 ಡಿಗ್ರಿ ಇಬ್ಬನಿ ಬಿಂದುವಿಗೆ ನೀರಾವಿಯ ಒತ್ತಡ 26.4; ಎನ್ 370 ಬರುತ್ತದೆ. 100 ಮೀಟರ್ ಮೇಲೆ 29 ಡಿಗ್ರಿ, ಇಬ್ಬನಿ ಬಿಂದು 14, ಒತ್ತಡ 999 ಇದ್ದರೆ ನೀರಾವಿ 16, ಎನ್ 322. ಬರೀ 100 ಮೀಟರ್‌ಗೆ 48ರ ಇಳಿತ, ಅಂದರೆ ಕಿಲೋಮೀಟರಿಗೆ 480, ಗಟ್ಟಿ ಡಕ್ಟ್. ಈ 48ರಲ್ಲಿ 44ರಷ್ಟು ತೇವಾಂಶದ ಇಳಿತದಿಂದಲೇ ಬಂದದ್ದು. ಎಲ್ಲರೂ ಉಷ್ಣತೆಯ ಏರುಪೇರನ್ನೇ ನೋಡುತ್ತಾರೆ; ನಮ್ಮ ಕರಾವಳಿಯಲ್ಲಿ ನೋಡಬೇಕಾದ್ದು ಇಬ್ಬನಿ ಬಿಂದು ಎಲ್ಲಿ ಕುಸಿಯುತ್ತದೆ ಎಂಬುದನ್ನು. ಕೆಳಗೆ ಕಡಲಿನ ಒದ್ದೆ ಗಾಳಿ, ಮೇಲೆ ಭೂಮಿಯಿಂದ ಬಂದ ಒಣ ಗಾಳಿ: ಫೆಬ್ರವರಿಯಿಂದ ಮೇ ತನಕ ಇದು ಮತ್ತೆ ಮತ್ತೆ ಆಗುತ್ತದೆ.

ಅಂಕಿಗಳು ಬೇಕಾದರೆ ಹವಾಮಾನ ಇಲಾಖೆ ದಿನಾ ಹಾರಿಬಿಡುವ ಬಲೂನಿನ ಮಾಹಿತಿ ನೋಡಿ. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಜಾಲಪುಟದಲ್ಲಿ ಮಂಗಳೂರು ಪಣಂಬೂರಿನ ಕೇಂದ್ರದ ಸಂಖ್ಯೆ 43285, ಪಣಜಿಯದು 43192, ಬೆಂಗಳೂರಿನದು 43295. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30, ಸಂಜೆ 5.30ರ ದಾಖಲೆಗಳಿವು. ಎತ್ತರ, ಉಷ್ಣತೆ, ಇಬ್ಬನಿ ಬಿಂದುವಿನ ಸಾಲುಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ ಮೊದಲ ಒಂದೂವರೆ ಕಿಲೋಮೀಟರ್‌ನಲ್ಲಿ ಎನ್ ಎಲ್ಲಿ ಜಾರುತ್ತದೆ ನೋಡಿ. ಹೆಪ್‌ಬರ್ನ್ ಎಂಬವರು ಅಂತರ್ಜಾಲದಲ್ಲಿ ಹಾಕುವ ಟ್ರೋಪೊ (ಕೆಳ ವಾಯುಮಂಡಲದ ಮೂಲಕ ಸಿಗ್ನಲ್ ದೂರ ಸಾಗುವುದರ) ಮುನ್ಸೂಚನೆ ನಕ್ಷೆಗಳು ವಿಸ್ತಾರವಾದ ಚಿತ್ರಕ್ಕೆ ಒಳ್ಳೆಯವು. ಅದರ ಬಣ್ಣ ನೋಡಿಯೇ ಹೊರಟುಬಿಡಬೇಡಿ, ಬಲೂನಿನ ಅಂಕಿಗೆ ತಾಳೆ ನೋಡಿ.

ಪದರ ತೆಳುವಾದಷ್ಟೂ ಹೆಚ್ಚಿನ ಫ್ರೀಕ್ವೆನ್ಸಿಯೇ ಬೇಕು. 144 ಮೆಗಾಹರ್ಟ್ಸ್ ಸಿಕ್ಕಿಕೊಳ್ಳಲು ಸುಮಾರು 185 ಮೀಟರ್ ದಪ್ಪದ ಡಕ್ಟ್ ಬೇಕು, 1296ಕ್ಕೆ 43 ಮೀಟರ್, 5760ಕ್ಕೆ 16, 10 ಗಿಗಾಹರ್ಟ್ಸ್‌ಗೆ 11. ಕಡಲ ಮೇಲೆ ನೀರು ಆವಿಯಾಗುತ್ತಲೇ ಇರುವುದರಿಂದ ಸಾಮಾನ್ಯವಾಗಿ 10ರಿಂದ 20 ಮೀಟರ್ ದಪ್ಪದ ಪದರವೊಂದು ನಿರಂತರ ಇರುತ್ತದೆ. ಬಲೂನಿನ ಅಂಕಿಗಳಲ್ಲಿ ಇದು ಕಾಣುವುದೇ ಇಲ್ಲ, ಅಷ್ಟು ತೆಳು. 1296ಕ್ಕೆ ಇದು ಉಪಯೋಗಕ್ಕೆ ಬಾರದು, 5760ಕ್ಕೆ ಬರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಈ ತೆಳು ಪದರ ಬಳಸಬೇಕಾದರೆ ದಡವೇ ಸರಿ: ಡಿಷ್ ನೀರಿನ ಮಟ್ಟದಿಂದ 5–10 ಮೀಟರ್ ಮೇಲೆ, ಎದುರಿಗೆ ಬಂಡೆ, ದೋಣಿ, ತೆಂಗಿನ ತೋಪು ಏನೂ ಇಲ್ಲದೆ ತೆರೆದ ಕಡಲು. ಮೇಲೆ ತೂಗಾಡುವ ದಪ್ಪ ಡಕ್ಟ್‌ಗಾದರೆ ಮಣಿಪಾಲದಂಥ ತಗ್ಗು ಗುಡ್ಡ ಸೂಕ್ತ. ಕೊಡಚಾದ್ರಿ 1343 ಮೀಟರ್. ಹೆಚ್ಚಿನ ದಿನ ನೀವು ಡಕ್ಟ್‌ನಿಂದ ಮೇಲಿರುತ್ತೀರಿ, ಕೆಳಗೆ ಹೋಗುತ್ತಿರುವ ಸಿಗ್ನಲ್ ನಿಮಗೆ ಮುಟ್ಟುವುದಿಲ್ಲ. ಎತ್ತರ ಯಾವಾಗಲೂ ಒಳ್ಳೆಯದೆಂಬ ವಿಎಚ್‌ಎಫ್ ಅಭ್ಯಾಸವನ್ನು ಇಲ್ಲಿ ಬಿಡಬೇಕು.

ಪ್ರಯತ್ನಿಸಲು ತಕ್ಕ ದಾರಿಯೊಂದಿದೆ. ಮಂಗಳೂರಿನಿಂದ ಲಕ್ಷದ್ವೀಪದ ಕವರತ್ತಿಗೆ ಸುಮಾರು 350 ಕಿಲೋಮೀಟರ್, ಪೂರ್ತಿ ನೀರು. 10 ಮೀಟರ್ ಎತ್ತರದ ಎರಡು ಆಂಟೆನಾಗಳ ಸಾಮಾನ್ಯ ರೇಡಿಯೊ ದಿಗಂತ ಕೂಡಿಸಿದರೂ 26 ಕಿಲೋಮೀಟರ್. ಉಳಿದದ್ದೆಲ್ಲ ಡಕ್ಟ್‌ನ ಕೆಲಸ. ದ್ವೀಪಕ್ಕೆ ಪ್ರವೇಶಪತ್ರ ಮೊದಲೇ ಮಾಡಿಸಬೇಕು. ಅರಬ್ಬಿ ಸಮುದ್ರದ ಸಾಮರ್ಥ್ಯ ಹೊಸ ಸುದ್ದಿಯೇನಲ್ಲ: ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯ 200 ಮೆಗಾಹರ್ಟ್ಸ್ ರೇಡಾರ್‌ನಲ್ಲಿ ಬೇಸಿಗೆಯಲ್ಲಿ ಅರಬ್ ಕರಾವಳಿಯ ಪ್ರತಿಧ್ವನಿ ಮೂಡುತ್ತಿತ್ತು, ಮುಂಗಾರು ಹಿಡಿದೊಡನೆ ಆ ದೂರ ಇಲ್ಲವಾಗುತ್ತಿತ್ತು. ಮುಂಗಾರಿನ ಬಿರುಗಾಳಿ ಪದರಗಳನ್ನೆಲ್ಲ ಕಲಕಿ ಒಂದು ಮಾಡಿಬಿಡುವುದೇ ಅದಕ್ಕೆ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಕ್ಟ್ ನೆಚ್ಚಿಕೊಂಡು ದಡಕ್ಕೆ ಹೋಗಬೇಡಿ.

ಪ್ರಶ್ನೆ: ಚಾಮುಂಡಿಬೆಟ್ಟದಿಂದ 60 ಕಿಲೋಮೀಟರ್ ದೂರದ ಗೆಳೆಯರನ್ನು 5760ರಲ್ಲಿ ಕರೆದೆವು. ದಾರಿಗೆ ಅಡ್ಡಿ ಇಲ್ಲ. ಆದರೂ ಏನೂ ಕೇಳಲಿಲ್ಲ. ಮೋಡ ಕವಿದಿತ್ತು, ಅದೇ ಕಾರಣವೇ? (ಮೈಸೂರು)

ಉತ್ತರ: ಖಂಡಿತ ಅಲ್ಲ. 5.7 ಗಿಗಾಹರ್ಟ್ಸ್‌ಗೆ ಮೋಡ ಲೆಕ್ಕಕ್ಕೇ ಇಲ್ಲ. ಗಂಟೆಗೆ 50 ಮಿಲಿಮೀಟರ್ ಜಡಿಮಳೆ ಸುರಿದರೂ ಕಿಲೋಮೀಟರಿಗೆ ಹೋಗುವುದು 0.3 ಡಿಬಿ. 60 ಕಿಲೋಮೀಟರ್ ತೆರೆದ ದಾರಿಗೆ 200 ಮಿಲಿವ್ಯಾಟ್‌ನಲ್ಲಿ ನಿಮಗೆ ನಾಯ್ಸ್‌ಗಿಂತ 76 ಡಿಬಿ ಮೇಲಿನ ಸಿಗ್ನಲ್ ಸಿಗಬೇಕು. ಕೇಳಲಿಲ್ಲವೆಂದರೆ ದೋಷ ದಿಕ್ಕಿನಲ್ಲಿದೆ, ಫ್ರೀಕ್ವೆನ್ಸಿಯಲ್ಲಿದೆ, ಇಲ್ಲವೇ ಕಳಿಸುವುದು–ಕೇಳುವುದರ ನಡುವೆ ಬದಲಾಯಿಸುವ ಸ್ವಿಚಿಂಗ್‌ನಲ್ಲಿದೆ.

60 ಸೆಂಟಿಮೀಟರ್ ಡಿಷ್‌ನ ಕಿರಣ 6 ಡಿಗ್ರಿ ಅಗಲ; ಸುತ್ತಲೂ ಹುಡುಕಲು 60 ನಿಲುವು. ಟ್ರಾನ್ಸ್‌ವರ್ಟರ್‌ನ (ಸಾಮಾನ್ಯ ರೇಡಿಯೊದ ಫ್ರೀಕ್ವೆನ್ಸಿಯನ್ನು ಮೈಕ್ರೋವೇವ್‌ಗೆ ಏರಿಸುವ, ಅಲ್ಲಿಂದ ಇಳಿಸುವ ಪೆಟ್ಟಿಗೆ) ಕ್ರಿಸ್ಟಲ್ ಹತ್ತು ಲಕ್ಷಕ್ಕೆ 10 ಪಾಲು ತಪ್ಪಿದರೆ ಫ್ರೀಕ್ವೆನ್ಸಿ ಆಚೀಚೆ 58 ಕಿಲೋಹರ್ಟ್ಸ್ ಸರಿಯುತ್ತದೆ. ಎಸ್‌ಎಸ್‌ಬಿ ಅಗಲದಲ್ಲಿ ಹುಡುಕಿದರೆ 46 ಜಾಗ. ಎರಡನ್ನೂ ಗುಣಿಸಿ: 2760 ಸಾಧ್ಯತೆಗಳಲ್ಲಿ ಒಂದು ಸರಿ. ಡಯಲ್ ತಿರುಗಿಸುತ್ತ, ಡಿಷ್ ಆಡಿಸುತ್ತ ಕೂತರೆ ಸಂಜೆಯಾಗುತ್ತದೆ.

ಬಿಡಿಸಿಕೊಳ್ಳುವ ದಾರಿ ಹೀಗೆ. ಮೊದಲು ಫ್ರೀಕ್ವೆನ್ಸಿಯ ಹುಡುಕಾಟವನ್ನೇ ತೆಗೆದುಹಾಕಿ: ಟ್ರಾನ್ಸ್‌ವರ್ಟರ್‌ನ ಐಎಫ್‌ಗೆ (ಇಳಿಸಿದ ಫ್ರೀಕ್ವೆನ್ಸಿ ಹೊರಬರುವ ಕೊಂಡಿ) ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರಿಸೀವರ್) ಜೋಡಿಸಿದರೆ ಎರಡು ಮೆಗಾಹರ್ಟ್ಸ್ ಒಟ್ಟಿಗೇ ಪರದೆಯ ಮೇಲೆ ಕಾಣುತ್ತದೆ. ಆ ಕಡೆಯವರು ಎರಡು ನಿಮಿಷ ಬಿಡದೆ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಹಾಕಲಿ, ನೀವು ಡಿಷ್ ಅನ್ನು ಮೆಲ್ಲಗೆ ತಿರುಗಿಸಿ. ನಂತರ ಸರದಿ ಬದಲಿಸಿ. ಆಗಲೂ ಕಾಣದಿದ್ದರೆ ಡಿಷ್ ಕಳಚಿ ಬರೀ ಫೀಡ್ (ಡಿಷ್‌ನ ಮುಂದಿರುವ ಪುಟ್ಟ ಆಂಟೆನಾ) ಅನ್ನು ಆ ದಿಕ್ಕಿಗೆ ಹಿಡಿಯಿರಿ. ಸುಮಾರು 19 ಡಿಬಿ ಹೋಗುತ್ತದೆ, ಆದರೆ ಕಿರಣ 50–60 ಡಿಗ್ರಿ ಅಗಲವಾಗುತ್ತದೆ. 76ರಲ್ಲಿ 57 ಉಳಿದರೆ ಧಾರಾಳ. ಫೀಡ್‌ನಲ್ಲಿ ಕೇಳಿ ಡಿಷ್‌ನಲ್ಲಿ ಕೇಳದಿದ್ದರೆ ತಪ್ಪು ಗುರಿಯದ್ದೇ.

ಗುರಿಯ ತಪ್ಪಿಗೆ ಮುಖ್ಯ ಕಾರಣ ಆಫ್‌ಸೆಟ್ ಡಿಷ್, ಅಂದರೆ ಟಿವಿಗೆ ಬಳಸುವಂಥದ್ದು. ಟಿವಿಯ ಡಿಷ್ ಮುಖ ನೋಡುವ ಕಡೆಗೆ ಕಿರಣ ಹೋಗುವುದಿಲ್ಲ. 20–26 ಡಿಗ್ರಿ ಮೇಲಕ್ಕೆ ಹೋಗುತ್ತದೆ. ದಿಗಂತಕ್ಕೆ ಗುರಿಯಿಡಬೇಕಾದರೆ ಡಿಷ್ ನೆಲಕ್ಕೆ ಬಗ್ಗಿದಂತೆ ಕಾಣಬೇಕು. ನೆಟ್ಟಗೆ ನಿಲ್ಲಿಸಿದರೆ ನೀವು ಆಕಾಶದ ಜೊತೆ ಮಾತಾಡುತ್ತೀರಿ. ಸರಿಯಾದ ಕೋನವನ್ನು ಮನೆಯಲ್ಲೇ ಗುರುತು ಮಾಡಿಕೊಳ್ಳಿ: ಸೂರ್ಯನ ಕಡೆ ತಿರುಗಿಸಿ ನಾಯ್ಸ್ ಹೆಚ್ಚುವ ನಿಲುವನ್ನು ಹುಡುಕಿ, ಆ ಹೊತ್ತಿನ ಸೂರ್ಯನ ಎತ್ತರವನ್ನು ಫೋನಿನ ಆ್ಯಪ್‌ನಲ್ಲಿ ಓದಿ, ಡಿಷ್‌ನ ಹಿಂದೆ ಅಂಟಿಸಿದ ಕೋನಮಾಪಕಕ್ಕೆ ಹೋಲಿಸಿ. ದಿಕ್ಸೂಚಿಯನ್ನು ಕಾರಿನಿಂದ, ಕಬ್ಬಿಣದ ಟ್ರೈಪಾಡ್‌ನಿಂದ ಮೂರು ಮೀಟರ್ ದೂರ ಹಿಡಿದು ಓದಿ.

ಇಷ್ಟಾದ ಮೇಲೂ ಉಳಿಯುವ ಮೂರು ಸಂಗತಿ: ಒಬ್ಬರ ಫೀಡ್ ಅಡ್ಡ, ಇನ್ನೊಬ್ಬರದು ಲಂಬ ಇದ್ದರೆ 20 ಡಿಬಿಗೂ ಹೆಚ್ಚು ನಷ್ಟ, ಇಬ್ಬರೂ ಅಡ್ಡಕ್ಕೆ ಇಡಿ; ಕಳಿಸುವುದು–ಕೇಳುವುದನ್ನು ಬದಲಿಸುವ ರಿಲೇಗೆ 12 ವೋಲ್ಟ್ ತಲುಪದೆ ಅರೆಬರೆ ನಿಂತಿರಬಹುದು, ಒತ್ತಿದಾಗ ಕ್ಲಿಕ್ ಕೇಳುತ್ತದೆಯೇ ನೋಡಿ; ಟ್ರಾನ್ಸ್‌ವರ್ಟರ್ ಮತ್ತು ಫೀಡ್ ನಡುವೆ ಉದ್ದದ ಕೇಬಲ್ ಇರಬಾರದು, ಪೆಟ್ಟಿಗೆಯನ್ನು ಡಿಷ್‌ನ ಬೆನ್ನಿಗೇ ಕಟ್ಟಿ ಐಎಫ್ ಕೇಬಲ್ ಮಾತ್ರ ಕೆಳಗೆ ತನ್ನಿ. ಹೊರಡುವ ಮುನ್ನ ರಿಸೀವರ್ ಪರೀಕ್ಷಿಸಲು 96 ಮೆಗಾಹರ್ಟ್ಸ್ ಆಸಿಲೇಟರ್ ಮಾಡ್ಯೂಲ್ ಒಂದು ಸಾಕು. ಅದರ 60ನೇ ಹಾರ್ಮೋನಿಕ್ (60 ಪಟ್ಟಿನ ಫ್ರೀಕ್ವೆನ್ಸಿ) 5760ರ ಮೇಲೆ ಬೀಳುತ್ತದೆ. ತುಂಡು ತಂತಿ ಸಿಕ್ಕಿಸಿ ನಾಲ್ಕಾರು ಮೀಟರ್ ದೂರ ಇಟ್ಟರೆ ಕೇಳಬೇಕು.

ಪ್ರಶ್ನೆ: ಮಳೆಯಿಂದ ಸಿಗ್ನಲ್ ಹಾಳಾಗುತ್ತದೆ ಎನ್ನುತ್ತಾರೆ, ಮಳೆಯಿಂದಲೇ ಸಂಪರ್ಕ ಆಗುತ್ತದೆ ಎಂದೂ ಹೇಳುತ್ತಾರೆ. ಯಾವುದು ನಿಜ? (ಶಿವಮೊಗ್ಗ)

ಉತ್ತರ: ಎರಡೂ. ದಾರಿಯುದ್ದಕ್ಕೂ ಮಳೆಯಿದ್ದರೆ ನಷ್ಟ: ಗಂಟೆಗೆ 50 ಮಿಲಿಮೀಟರ್ ಮಳೆಗೆ 10 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ 1.7 ಡಿಬಿ, 24 ಗಿಗಾಹರ್ಟ್ಸ್‌ನಲ್ಲಿ 7 ಡಿಬಿ. ಆದರೆ ದೂರದಲ್ಲೊಂದು ಒಂಟಿ ಗುಡುಗುಮೋಡ ನಿಂತಿದ್ದು, ನೀವಿಬ್ಬರೂ ಅದಕ್ಕೇ ಡಿಷ್ ತಿರುಗಿಸಿದರೆ ಅದರ ಹನಿಗಳು ಸಿಗ್ನಲ್ ಅನ್ನು ಚದುರಿಸಿ ಆ ಬದಿಗೆ ಕಳಿಸುತ್ತವೆ. ನಿಮ್ಮಿಬ್ಬರ ನಡುವೆ ಬೆಟ್ಟವಿದ್ದರೂ ಸರಿ, ಇಬ್ಬರಿಗೂ ಆ ಮೋಡದ ಮೈ ಕಂಡರೆ ಸಾಕು. 5.7 ಮತ್ತು 10 ಗಿಗಾಹರ್ಟ್ಸ್ ಎರಡರಲ್ಲೂ ಇದು ಚೆನ್ನಾಗಿ ನಡೆಯುತ್ತದೆ.

ಎಷ್ಟು ದೂರ? ಮೀಟರ್‌ನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿ. ನಮ್ಮಲ್ಲಿ ಗಟ್ಟಿ ಮಳೆಹನಿ ಸುಮಾರು 5 ಕಿಲೋಮೀಟರ್ ಎತ್ತರದವರೆಗೆ. ಅದರ ಮೇಲೆ ಹಿಮ, ಆಲಿಕಲ್ಲು. 5000 ಮೀಟರ್‌ಗೆ 291 ಕಿಲೋಮೀಟರ್ ಬರುತ್ತದೆ. ಮೋಡ ನಡುವೆ ಇದ್ದರೆ ಎರಡೂ ಕಡೆ ಸೇರಿ 580. ಬೇಸಿಗೆಯ ಗುಡುಗುಮೋಡ 15 ಕಿಲೋಮೀಟರ್‌ವರೆಗೂ ಏರುವುದರಿಂದ ಲೆಕ್ಕದ ಪ್ರಕಾರ ಸಾವಿರದ ಹತ್ತಿರ ಬರುತ್ತದೆ, ಆದರೆ ಮೇಲಿನ ಹಿಮದ ಹರಳು ಚದುರಿಸುವುದು ಬಹಳ ಕಡಿಮೆ. ಮೊದಲಿಗೆ 200–400 ಕಿಲೋಮೀಟರ್‌ಗೆ ಗುರಿಯಿಡಿ.

ಕಾಲ ಯಾವುದೆಂದರೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಸಂಜೆಗಳು, ಮತ್ತೆ ಹಿಂಗಾರಿನಲ್ಲಿ ಚಿತ್ತಾ, ಸ್ವಾತಿ. ಆಗ ಮೋಡಗಳು ಬಿಡಿಬಿಡಿಯಾಗಿ, ಎತ್ತರವಾಗಿ ಏಳುತ್ತವೆ. ಆಗುಂಬೆಯ ಜುಲೈ ಮಳೆ ಎಷ್ಟೇ ಜೋರಿದ್ದರೂ ಇದಕ್ಕೆ ಒಗ್ಗುವುದಿಲ್ಲ. ಮೋಡ ತಗ್ಗು, ಮಳೆ ಊರೆಲ್ಲ ಹರಡಿರುತ್ತದೆ.

ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಚಿತ್ರದಲ್ಲಿ 45 ಡಿಬಿಝಡ್‌ಗೆ (ಮಳೆಯಿಂದ ರೇಡಾರ್‌ಗೆ ಮರಳುವ ಪ್ರತಿಧ್ವನಿಯ ಅಳತೆ) ಮೇಲ್ಪಟ್ಟ ಕೆಂಪು ತಿರುಳನ್ನು ಹುಡುಕಿ, ಅದರ ಅಕ್ಷಾಂಶ ರೇಖಾಂಶ ತೆಗೆದು ಇಬ್ಬರೂ ತಮ್ಮ ತಮ್ಮ ದಿಕ್ಕು ಲೆಕ್ಕ ಹಾಕಿ. ನೀವು ಶಿವಮೊಗ್ಗದಲ್ಲಿ, ಜೊತೆಗಾರರು ಬೆಂಗಳೂರಿನಲ್ಲಿ, ಮೋಡ ಚಿತ್ರದುರ್ಗದ ಕಡೆ ಇದ್ದರೆ ಇಬ್ಬರ ಡಿಷ್‌ಗಳೂ ಒಂದನ್ನೊಂದು ನೋಡುವುದೇ ಇಲ್ಲ. ಡಿಷ್ ಮೇಲೆತ್ತುವ ಅಗತ್ಯವೂ ಇಲ್ಲ: 150 ಕಿಲೋಮೀಟರ್ ಆಚೆ 5 ಕಿಲೋಮೀಟರ್ ಎತ್ತರದ ಮಳೆ ನಿಮಗೆ ದಿಗಂತದಿಂದ 1.4 ಡಿಗ್ರಿ ಮೇಲಷ್ಟೇ. ರೇಡಾರ್ ಚಿತ್ರ ಬರುವಷ್ಟರಲ್ಲಿ ಮೋಡ ಸರಿದಿರುತ್ತದೆ, ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ದಿಕ್ಕು ತಿದ್ದಿಕೊಳ್ಳಿ.

ಕೇಳುವ ಧ್ವನಿ ಸ್ವಚ್ಛ ಇರುವುದಿಲ್ಲ. ಸಾವಿರಾರು ಹನಿಗಳು ಬೇರೆ ಬೇರೆ ವೇಗದಲ್ಲಿ ಚಲಿಸುವುದರಿಂದ ಸಿಡಬ್ಲ್ಯುನ (ಮೋರ್ಸ್ ಸಂಕೇತದ) ಪೀ ಶಬ್ದ ಹುಸ್ ಎನ್ನುತ್ತದೆ, ಎಸ್‌ಎಸ್‌ಬಿ ಮಾತು ಗಂಟಲು ಕಟ್ಟಿದವರ ಪಿಸುಮಾತಾಗುತ್ತದೆ. ನಿಧಾನದ ಸಿಡಬ್ಲ್ಯು ಉತ್ತಮ. ಕಂಪ್ಯೂಟರ್ ಮೂಲಕ ನಡೆಸುವ ಎಫ್‌ಟಿ8 ವಿಧಾನ ಇಲ್ಲಿ ಸೋಲುತ್ತದೆ, ಅದರ ಸ್ವರಗಳ ನಡುವಿನ ಅಂತರ 6.25 ಹರ್ಟ್ಸ್ ಮಾತ್ರ. ಹರಡಿದ ಸಿಗ್ನಲ್‌ನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅಂಥದ್ದೇ ಇನ್ನೊಂದು ವಿಧಾನವಾದ ಕ್ಯೂ65-30ಡಿಯಲ್ಲಿ ಅಂತರ 26.7 ಹರ್ಟ್ಸ್, ಅದನ್ನು ಬಳಸಿ.

ಮೋಡ ದೂರದಲ್ಲಿರಬೇಕು ಎಂಬುದನ್ನು ಒತ್ತಿ ಹೇಳುತ್ತೇವೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ತಲುಪುವ ದೂರದಲ್ಲಿದೆ. ಬೆಟ್ಟದ ತುದಿಯಲ್ಲಿ ಲೋಹದ ಡಿಷ್ ಪಕ್ಕ ಕೂತು ಇನ್ನೊಂದು ಸಂಪರ್ಕ ಎನ್ನಬೇಡಿ. ಎಲ್ಲವನ್ನೂ ಹಾಗೇ ಬಿಟ್ಟು ಕಾರಿನೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹ್ಯಾಮ್ ಪರೀಕ್ಷೆ ಇನ್ನೂ ಬರೆದಿಲ್ಲ. ಕೇಳುವುದರಿಂದಲೇ ಮೈಕ್ರೋವೇವ್ ಕಲಿಯಬಹುದೇ? (ಬೆಂಗಳೂರು)

ಉತ್ತರ: ಚೆನ್ನಾಗಿ ಕಲಿಯಬಹುದು. 25.9 ಡಿಗ್ರಿ ಪೂರ್ವದಲ್ಲಿ ನಿಂತಿರುವ ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿ ಹ್ಯಾಮ್‌ಗಳ ಟ್ರಾನ್ಸ್‌ಪಾಂಡರ್ (ಬಂದ ಸಿಗ್ನಲ್ ಅನ್ನು ಫ್ರೀಕ್ವೆನ್ಸಿ ಬದಲಿಸಿ ಮರಳಿ ಕಳಿಸುವ ಸಾಧನ) ಇದೆ, ಹೆಸರು ಕ್ಯೂಒ-100. 2018ರ ನವೆಂಬರ್‌ನಲ್ಲಿ ಹಾರಿತು, 2019ರ ಫೆಬ್ರವರಿಯಿಂದ ಬಳಕೆಯಲ್ಲಿದೆ. ಅದರ ಸಿಗ್ನಲ್ ಇಳಿಯುವುದು 10489.5ರಿಂದ 10490 ಮೆಗಾಹರ್ಟ್ಸ್‌ನಲ್ಲಿ. ಬೆಂಗಳೂರಿನಿಂದ ಅದರ ದಿಕ್ಕು 260 ಡಿಗ್ರಿ, ಎತ್ತರ 30 ಡಿಗ್ರಿ; ತಾರಸಿಯಲ್ಲಿ ಪಶ್ಚಿಮ ತೆರೆದಿದ್ದರೆ ಸಾಕು.

75–90 ಸೆಂಟಿಮೀಟರ್ ಡಿಷ್, 9750 ಮೆಗಾಹರ್ಟ್ಸ್ ಲೋಕಲ್ ಆಸಿಲೇಟರ್ ಇರುವ ಪಿಎಲ್‌ಎಲ್ ಮಾದರಿಯ ಕೆಯು ಬ್ಯಾಂಡ್ ಎಲ್‌ಎನ್‌ಬಿ (ಡಿಷ್‌ನ ಮುಂದೆ ಕೂತು ಸಿಗ್ನಲ್ ಹಿಗ್ಗಿಸಿ, ಅದರ ಫ್ರೀಕ್ವೆನ್ಸಿಯಿಂದ 9750 ಕಳೆದು ಕೊಡುವ ಪೆಟ್ಟಿಗೆ), ಬಯಾಸ್ ಟೀ (ಅದೇ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ ವಿದ್ಯುತ್ ಕಳಿಸುವ ಜೋಡಣೆ), ಆರ್‌ಟಿಎಲ್ ಡಾಂಗಲ್ (ಒಂದು ಬಗೆಯ ಎಸ್‌ಡಿಆರ್) ಬೇಕು. 10489.750ರ ಬೀಕನ್ (ಬಿಡದೆ ಬರುವ ಗುರುತಿನ ಸಿಗ್ನಲ್) ನಿಮಗೆ 739.750ರಲ್ಲಿ ಕಾಣುತ್ತದೆ. ಬಯಾಸ್ ಟೀ ತಿರುಗುಮುರುಗು ಜೋಡಿಸಿದರೆ 18 ವೋಲ್ಟ್ ಡಾಂಗಲ್‌ಗೆ ಹೋಗಿ ಅದು ಸುಡುತ್ತದೆ. ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಯುರೋಪಿನವರು ಬರೆದ ಸೂಚನೆಗಳಲ್ಲಿ ಲಂಬ ಧ್ರುವೀಕರಣ (ಅಲೆ ಮೇಲೆ ಕೆಳಗೆ ಕಂಪಿಸುವುದು), 13 ವೋಲ್ಟ್ ಎಂದಿರುತ್ತದೆ. ಉಪಗ್ರಹ ನಮಗೆ ತೀರ ಪಶ್ಚಿಮದಲ್ಲಿರುವುದರಿಂದ ಇಲ್ಲಿ ಅದು ಲಂಬದಿಂದ ಸುಮಾರು 74 ಡಿಗ್ರಿ ವಾಲಿರುತ್ತದೆ. 18 ವೋಲ್ಟ್ ಕೊಟ್ಟು (ಆಗ ಅದು ಅಡ್ಡ ಅಲೆ ಹಿಡಿಯುತ್ತದೆ) ಎಲ್‌ಎನ್‌ಬಿಯನ್ನು 16 ಡಿಗ್ರಿಯಷ್ಟು ಆಚೆ ಅಥವಾ ಈಚೆ ತಿರುಗಿಸಿ, ಬೀಕನ್ ಹೆಚ್ಚುವ ಕಡೆ ಬಿಗಿಮಾಡಿ. ಬಿಸಿಲು ಬಿದ್ದಾಗ ಎಲ್‌ಎನ್‌ಬಿಯ ಫ್ರೀಕ್ವೆನ್ಸಿ ಜಾರುತ್ತದೆ: ಒಳಗಿನ 25 ಮೆಗಾಹರ್ಟ್ಸ್ ಕ್ರಿಸ್ಟಲ್ 390 ಪಟ್ಟು ಆಗುವುದರಿಂದ ಅಲ್ಲಿನ 10 ಹರ್ಟ್ಸ್ ಇಲ್ಲಿ 3.9 ಕಿಲೋಹರ್ಟ್ಸ್. ಎಸ್‌ಡಿಆರ್ ಕನ್ಸೋಲ್ ತಂತ್ರಾಂಶ ಬೀಕನ್ ಹಿಡಿದುಕೊಂಡು ಇದನ್ನು ತಾನೇ ತಿದ್ದುತ್ತದೆ.

ಇದರ ಮೇಲೊಂದು ಪ್ರಾಜೆಕ್ಟ್ ಮಾಡಿ. ಬೀಕನ್‌ನ ಮಟ್ಟವನ್ನು ನಿಮಿಷಕ್ಕೊಮ್ಮೆ ದಾಖಲಿಸಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರದ ಮಳೆಮಾಪಕದ 15 ನಿಮಿಷದ ಅಂಕಿಗೆ ಜೋಡಿಸಿ. ಮಳೆ 5 ಕಿಲೋಮೀಟರ್ ದಾರಿಯಲ್ಲಿ ಗಂಟೆಗೆ 50 ಮಿಲಿಮೀಟರ್ ಇದ್ದರೆ 8 ಡಿಬಿ ಇಳಿಯಬೇಕು. ನಾಯ್ಸ್ ಕೂಡ ಏರುತ್ತದೆ, ಮಳೆ ತಾನೇ ಬೆಚ್ಚಗಿನ ವಸ್ತುವಾಗಿ ಡಿಷ್‌ಗೆ ಕಾಣುವುದರಿಂದ. ಎರಡನ್ನೂ ಬೇರೆ ಬೇರೆ ಬರೆದಿಡಿ. ಉಪಗ್ರಹಕ್ಕೆ ಕಳಿಸುವುದು 2.4 ಗಿಗಾಹರ್ಟ್ಸ್‌ನಲ್ಲಿ, ಪರವಾನಗಿ ಬಂದು, ಅದರಲ್ಲಿ ಅನುಮತಿ ಇದ್ದರಷ್ಟೇ ಆ ಮಾತು.

ಪ್ರಶ್ನೆ: ನೆಲದ ಮೇಲಿನ ಮೈಕ್ರೋವೇವ್ ಸಂಪರ್ಕ ಜಗತ್ತಿನಲ್ಲಿ ಎಷ್ಟು ದೂರ ಹೋಗಿದೆ? (ಹಾಸನ)

ಉತ್ತರ: ದಾರಿ ತೋರಿಸಿದ್ದು ಕ್ಯಾಲಿಫೋರ್ನಿಯಾ–ಹವಾಯಿ ನಡುವಿನ ಕಡಲು. 1957ರ ಜುಲೈ 8ರಂದು ಹ್ಯಾಮ್‌ಗಳಾದ ಜಾನ್ ಚೇಂಬರ್ಸ್ ಮತ್ತು ರಾಲ್ಫ್ ಥಾಮಸ್ 144 ಮೆಗಾಹರ್ಟ್ಸ್‌ನಲ್ಲಿ 4000 ಕಿಲೋಮೀಟರ್ ದಾಟಿದರು. ಅದೇ ದಾರಿಯಲ್ಲಿ 1991ರಲ್ಲಿ 5.7 ಗಿಗಾಹರ್ಟ್ಸ್ ಕೂಡ ಹೋಯಿತು. 10 ಗಿಗಾಹರ್ಟ್ಸ್‌ನಲ್ಲಿ ಆಸ್ಟ್ರೇಲಿಯಾದ ದಕ್ಷಿಣದ ಕೊಲ್ಲಿಯ ಮೇಲೆ 1994ರ ಡಿಸೆಂಬರ್‌ನಲ್ಲಿ 1900 ಕಿಲೋಮೀಟರ್ ಸಾಧಿಸಿದರು. ಎಲ್ಲವೂ ನೀರಿನ ಮೇಲೆ, ಬೇಸಿಗೆಯಲ್ಲಿ, ಒಣ ಗಾಳಿ ಮೇಲಿಂದ ಇಳಿದು ಕಡಲ ಒದ್ದೆ ಗಾಳಿಯ ಮೇಲೆ ಮುಚ್ಚಳ ಹಾಕಿದ ದಿನಗಳಲ್ಲಿ.

ಪ್ರಶ್ನೆ: ದುಬೈನಲ್ಲಿದ್ದೇನೆ, ಇಲ್ಲಿನ ಪರವಾನಗಿ ಇದೆ. 10 ಗಿಗಾಹರ್ಟ್ಸ್‌ಗೆ ಧೂಳಿನ ಕಾಟ ಇದೆಯೇ? (ದುಬೈ)

ಉತ್ತರ: ಒಣ ಧೂಳಿನಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ನೀವಿರುವ ಜಾಗ ಡಕ್ಟ್‌ಗೆ ಜಗತ್ತಿನ ಅತ್ಯುತ್ತಮ ಸ್ಥಳಗಳಲ್ಲೊಂದು: ಬೆಚ್ಚಗಿನ ಕೊಲ್ಲಿಯ ನೀರು, ಅದರ ಮೇಲೆ ಮರುಭೂಮಿಯ ಒಣ ಗಾಳಿ. ಬೇಸಿಗೆಯ ರಾತ್ರಿಗಳಲ್ಲಿ ಪೂರ್ತಿ ನೀರಿನ ದಾರಿ ಆರಿಸಿಕೊಂಡು, ತೀರದಲ್ಲೇ ತಗ್ಗಿನಲ್ಲಿ ಡಿಷ್ ಇಡಿ. ವಾಯವ್ಯದ ಶಮಾಲ್ ಗಾಳಿ ಜೋರಾಗಿ ಬೀಸಿ ಪದರ ಕದಡಿದ ದಿನ ಬಿಟ್ಟುಬಿಡಿ.

ಪ್ರಶ್ನೆ: ವಿಮಾನ ಹಾದುಹೋಗುವಾಗ ದೂರದ ಬೀಕನ್ ಅರ್ಧ ನಿಮಿಷ ಜೋರಾಗಿ ಕೇಳಿ ಮಾಯವಾಗುತ್ತದೆ. ಏಕೆ? (ಹೊಸಪೇಟೆ)

ಉತ್ತರ: ವಿಮಾನದ ಮೈ ಸಿಗ್ನಲ್ ಅನ್ನು ಚದುರಿಸುತ್ತದೆ. ಅದು ನಿಮ್ಮಿಬ್ಬರ ನಡುವಿನ ಗೆರೆ ದಾಟುವ ಹತ್ತಾರು ಸೆಕೆಂಡು ಮಾತ್ರ ಇದು ಬಲವಾಗಿರುತ್ತದೆ. 10 ಕಿಲೋಮೀಟರ್ ಎತ್ತರದ ವಿಮಾನದಿಂದ ಲೆಕ್ಕದಲ್ಲಿ 800 ಕಿಲೋಮೀಟರ್‌ವರೆಗೆ ಸಾಧ್ಯ. ವಿಮಾನಗಳ ಜಾಡು ತೋರಿಸುವ ಆ್ಯಪ್ ತೆರೆದಿಟ್ಟು, ಗೆರೆ ಹತ್ತಿರವಾಗುವ ಮುನ್ನವೇ ಕರೆಯಲು ಶುರುಮಾಡಿ. ವಿಮಾನದ ವೇಗದಿಂದ (ಡಾಪ್ಲರ್ ಪರಿಣಾಮ) ಫ್ರೀಕ್ವೆನ್ಸಿ ಸರಿಯುತ್ತಿರುತ್ತದೆ, ಬೆರಳು ಡಯಲ್ ಮೇಲಿರಲಿ.

ಪ್ರಶ್ನೆ: ಎರಡೇ ಮಳೆಗಾಲಕ್ಕೆ ಫೀಡ್ ಕೆಟ್ಟಿತು. ತಡೆಯುವುದು ಹೇಗೆ? (ಕಾರವಾರ)

ಉತ್ತರ: ಫೀಡ್‌ನ ಬಾಯಿಗೆ ತೆಳು ಪಾಲಿಥೀನ್ ಅಥವಾ ಪಿಟಿಎಫ್‌ಇ (ಟೆಫ್ಲಾನ್) ಹಾಳೆಯನ್ನು ಬಿಗಿಯಾಗಿ ಕಟ್ಟಿ, ಬಣ್ಣ ಹಚ್ಚಿದ ಪ್ಲಾಸ್ಟಿಕ್ ಮುಚ್ಚಳ ಬೇಡ. ಹಾಳೆಯ ಮೇಲೆ ನೀರಿನ ಪೊರೆ ನಿಂತರೆ ಅದೇ ಕೆಲವು ಡಿಬಿ ನುಂಗುತ್ತದೆ, ನೀರು ಜಾರುವಂತೆ ಹಾಳೆ ಸುಕ್ಕಿಲ್ಲದೆ ಇರಬೇಕು. ವೇವ್‌ಗೈಡ್‌ನ (ಸಿಗ್ನಲ್ ಸಾಗುವ ಲೋಹದ ಕೊಳವೆ) ಅತಿ ತಗ್ಗಿನ ಜಾಗದಲ್ಲಿ 1.5 ಮಿಲಿಮೀಟರ್ ರಂಧ್ರ ಕೊರೆದರೆ ಒಳಗೆ ಬೆವರಿದ ನೀರು ಇಳಿದುಹೋಗುತ್ತದೆ. ಪೂರ್ತಿ ಮುಚ್ಚಿಬಿಟ್ಟರೆ ರಾತ್ರಿ ತಣ್ಣಗಾದಾಗ ತೇವ ಒಳಗೇ ಉಳಿದು ಹಿತ್ತಾಳೆ ಹಸಿರುಗಟ್ಟುತ್ತದೆ. ಕನೆಕ್ಟರ್‌ಗೆ ಮೊದಲು ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್, ಅದರ ಮೇಲೆ ಪಿವಿಸಿ ಟೇಪ್; ಮೇಲಿನ ಸುತ್ತು ಕೆಳಗಿನಿಂದ ಮೇಲಕ್ಕೆ ಬರಲಿ, ಆಗ ನೀರು ಮಡಿಕೆಯೊಳಗೆ ನುಗ್ಗುವುದಿಲ್ಲ. ಉಪ್ಪುಗಾಳಿಗೆ ಸ್ಟೀಲ್ ಬೋಲ್ಟ್ ಮತ್ತು ಅಲ್ಯೂಮಿನಿಯಂ ಕೂಡುವಲ್ಲಿ ಗ್ರೀಸ್ ಸವರಿ. ಪ್ರತಿ ಅಕ್ಟೋಬರ್‌ನಲ್ಲಿ ಎಲ್ಲ ಬಿಚ್ಚಿ ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಸೂರ್ಯನ ನಾಯ್ಸ್ ಅಳೆದು ಹಿಂದಿನ ವರ್ಷದ ಅಂಕಿಗೆ ಹೋಲಿಸಿ. ಒಂದು ಡಿಬಿ ಇಳಿದಿದ್ದರೂ ಕಾರಣ ಹುಡುಕದೆ ಮತ್ತೆ ಮೇಲೇರಿಸಬೇಡಿ.